ನಾಗರತ್ನ ಮೇಡಂ ಮತ್ತು ಸಾವಿರ ವರ್ಷದ ಜಗಳ

ಪೋಪನ ಮೇಲೆ ಸಿಟ್ಟು ಬಂದ ದಿನ ನಾಗರತ್ನ ಮೇಡಂ ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ. ಅದೂ ಐನೂರು ವರ್ಷದ ಹಿಂದೆ ಸತ್ತುಹೋದ ಪೋಪ. ಬೆಳಗ್ಗೆ ಕ್ಲಾಸಿನಲ್ಲಿ ಪಾಪ ಪರಿಹಾರದ ಪತ್ರ ಮಾರಿದ ಕಥೆ ಹೇಳಿದರೆಂದರೆ ಅವತ್ತು ಸ್ಟಾಫ್ ರೂಮಿನಲ್ಲಿ ಅವರ ಟಿಫನ್ ಡಬ್ಬಿ ಮುಚ್ಚಿದ ಹಾಗೇ ಇರುತ್ತಿತ್ತು. "ದುಡ್ಡು ಕೊಟ್ರೆ ಸತ್ತೋದ ನಿಮ್ಮಪ್ಪನ ಪಾಪಾನೂ ಕಳೀತದೆ ಅಂತ ಹೇಳಿ ಬಡವರ ಹತ್ರ ಕಿತ್ಕೊಂಡ್ರಲ್ಲೇ, ಏಮನ್ಯಾಯಮೇ ಇದಿ" ಎಂದು ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಇಳಿದುಬಿಡುತ್ತಿದ್ದರು. ಎದುರಿಗಿದ್ದವರು ಆ ದುಡ್ಡು ತಾವೇ ತಿಂದವರಂತೆ ತಲೆ ತಗ್ಗಿಸಬೇಕಾಗುತ್ತಿತ್ತು.

ಚಿಂತಾಮಣಿಯ ಕಾಲೇಜಿನಲ್ಲಿ ಅವರು ನಮಗೆ ಯುರೋಪಿನ ಇತಿಹಾಸ ಹೇಳುತ್ತಿದ್ದರು. ಯುರೋಪು ಅಂದರೆ ಅವರ ಲೆಕ್ಕದಲ್ಲಿ ಕಾನ್‌ಸ್ಟಂಟೈನ್ ಎಂಬ, ಕ್ರೈಸ್ತರ ಕಡೆ ವಾಲಿದ ರೋಮಿನ ದೊರೆಯಿಂದ ಪೋಪನಿಗೆ ಎದುರು ನಿಂತ ಲೂಥರ್‌ವರೆಗೆ, ಅಷ್ಟೇ. ಆ ಸಾವಿರ ಚಿಲ್ಲರೆ ವರ್ಷದ ಹಿಂದಿನದು ಪೀಠಿಕೆ, ಮುಂದಿನದು ಗಲಾಟೆ. ಫ್ರಾನ್ಸಿನ ಕ್ರಾಂತಿಯನ್ನು ಎರಡು ಪೀರಿಯಡ್ಡಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ರೋಮ್ ಬಿದ್ದುಹೋದ ಮೇಲೆ ಅಲ್ಲಿನ ಮಠಗಳಲ್ಲಿ ಸನ್ಯಾಸಿಗಳು ಹೇಗೆ ಎದ್ದರು, ಏನು ಉಂಡರು, ಯಾವ ಹೊತ್ತಿಗೆ ಪ್ರಾರ್ಥನೆ ಮಾಡಿದರು ಅನ್ನುವುದಕ್ಕೆ ತಿಂಗಳುಗಟ್ಟಲೆ ಬೇಕು. ಕುಳ್ಳಗೆ, ದಪ್ಪ ಕನ್ನಡಕ ಹಾಕಿಕೊಂಡು, ಸೆರಗಿನ ತುದಿಯಲ್ಲಿ ಯಾವಾಗಲೂ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿದ್ದ ಹೆಂಗಸು. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾನು ನಗರಗೆರೆಯವಳು, ಹಾಸ್ಟೆಲ್ಲಿನಲ್ಲಿದ್ದೆ. ನಮ್ಮ ಕ್ಲಾಸಿನವರೆಲ್ಲ ಹೊಲ, ಹಸು, ರೇಷ್ಮೆ ಹುಳದ ಮನೆಯಿಂದ ಬಂದವರು. ರೋಮನ್ನು ಚಿಂತಾಮಣಿಯವರೆಗೆ ಎಳೆದು ತರದೆ ನಮ್ಮ ತಲೆಗೆ ಹೋಗುವುದಿಲ್ಲ ಎಂದು ಮೇಡಂಗೆ ಗೊತ್ತಿತ್ತು. ಪೂರ್ವದ ಚರ್ಚು, ಪಶ್ಚಿಮದ ಚರ್ಚು ಒಡೆದು ಎರಡಾದದ್ದನ್ನು ಅಣ್ಣತಮ್ಮಂದಿರ ಭಾಗದ ಜಗಳವಾಗಿಯೇ ಹೇಳಿದರು. "ಒಂದೇ ಬಾವಿ ಕಣ್ರೇ. ರೋಮಿನೋನು ನಾನು ದೊಡ್ಡೋನು, ನೀರು ಮೊದ್ಲು ನಂಗೆ ಅಂತಾನೆ. ಕಾನ್‌ಸ್ಟಾಂಟಿನೋಪಲ್‌ನೋನು ನೀನು ಯಾವತ್ತಿಂದಪ್ಪ ದೊಡ್ಡೋನು ಅಂತಾನೆ. ಇಬ್ರೂ ಮಾತು ಬಿಟ್ರು. ಬಿಟ್ಟಿದ್ದು ಬಿಟ್ರು, ಇನ್ನೂ ಸರಿ ಹೋಗಿಲ್ಲ." ಹಾಗೆ ಹೇಳಿದ್ದು ಇವತ್ತಿಗೂ ನನಗೆ ಮರೆತಿಲ್ಲ.

ಅವರ ತವರು ಕೆಂಚಾರ್ಲಹಳ್ಳಿ. ರೇಷ್ಮೆ ಹುಳ ಸಾಕುವ ಮನೆ. ಅದಕ್ಕೇ ಒಂದು ಕಥೆ ಅಂದರೆ ಅವರಿಗೆ ಪ್ರಾಣ: ಇಬ್ಬರು ಸನ್ಯಾಸಿಗಳು ಚೀನಾ ಕಡೆಯಿಂದ ಟೊಳ್ಳು ಕೋಲಿನೊಳಗೆ ರೇಷ್ಮೆ ಮೊಟ್ಟೆ ಬಚ್ಚಿಟ್ಟುಕೊಂಡು ಬಂದು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗೆ ಕೊಟ್ಟ ಕಥೆ. ಹೇಳುವಾಗ ಕೈಯಲ್ಲಿದ್ದ ಡಸ್ಟರನ್ನೇ ಕೋಲಿನಂತೆ ಊರಿಕೊಂಡು ನಡೆದು ತೋರಿಸುತ್ತಿದ್ದರು. ಹುರುಪಿನಲ್ಲಿ, "ಅವ್ರು ಇಲ್ದಿದ್ರೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟೇ ಇರ್ತಿರ್ಲಿಲ್ಲ" ಅಂತಲೂ ಒಂದು ಮಾತು ಸೇರಿಸಿಬಿಟ್ಟರು. ಸರಿ, ಟೆಸ್ಟಿನಲ್ಲಿ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಬರೆದಳು: ಇಬ್ಬರು ಕ್ರೈಸ್ತ ಸನ್ಯಾಸಿಗಳು ಕೋಲಿನಲ್ಲಿ ಮೊಟ್ಟೆ ಇಟ್ಟುಕೊಂಡು ಶಿಡ್ಲಘಟ್ಟಕ್ಕೆ ಬಂದರು, ಮಾರ್ಕೆಟ್ಟಿನಲ್ಲಿ ಒಳ್ಳೆಯ ರೇಟು ಸಿಕ್ಕಿತು. ಮೇಡಂ ಆ ಪೇಪರನ್ನು ಓದಿ ಹೇಳುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಪೂರ್ತಿ ಮಾರ್ಕ್ಸ್ ಕೊಟ್ಟರು. "ದಾರಿ ಸ್ವಲ್ಪ ತಪ್ಪಿದಾರೆ ಅಷ್ಟೇ, ಸನ್ಯಾಸಿಗಳು ಅವರೇ" ಅಂದರು. ಅವರು ಹಾಗೆ ಬಿದ್ದು ಬಿದ್ದು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಎಲ್ಲ ಕೆಟ್ಟದ್ದು ಒಂದು ಭಾನುವಾರ. ಆ ವಾರ ಚರ್ಚಿನ ಕಟ್ಟಡದ ಬಗ್ಗೆ ಪಾಠ ಇತ್ತು. ವೇದಿಕೆ ಎಲ್ಲಿರುತ್ತದೆ, ಜನ ಎಲ್ಲಿ ಕೂರುತ್ತಾರೆ ಅನ್ನುವುದನ್ನು ಬೋರ್ಡಿನ ಮೇಲೆ ಎಷ್ಟು ಬರೆದರೂ ನಮಗೆ ತಿಳಿಯಲಿಲ್ಲ. ಮೇಡಂ ಬೇಸತ್ತು, ಊರಿನಲ್ಲೇ ಇದ್ದ ಒಂದು ಸಣ್ಣ ಚರ್ಚಿಗೆ ನಮ್ಮನ್ನು ಕರೆದುಕೊಂಡು ಹೋದರು. ಪಾಸ್ಟರ್ ಒಳ್ಳೆಯವರು. ಚಾಪೆ ಹಾಸಿ ಕೂರಿಸಿದರು. ಪ್ರಾರ್ಥನೆ ಮುಗಿದ ಮೇಲೆ, ಕಾಲೇಜಿನ ಮೇಡಂ ಬಂದಿದ್ದಾರೆ, ಎರಡು ಮಾತಾಡಲಿ ಅಂದರು. ಮೇಡಂಗೆ ಮಾತಾಡಿ ಅಂದರೆ ಸಾಕಲ್ಲ. ಕಾನ್‌ಸ್ಟಂಟೈನ್ ಭಾನುವಾರಕ್ಕೆ ರಜೆ ಕೊಟ್ಟದ್ದರಿಂದ ಹಿಡಿದು, ಸಾಯುವ ಹೊತ್ತಿನವರೆಗೂ ಅವನು ದೀಕ್ಷಾಸ್ನಾನ ಮಾಡಿಸಿಕೊಳ್ಳದೆ ಇದ್ದದ್ದು, ಆಮೇಲೆ ಒಂದೇ ಕುರ್ಚಿಗೆ ಮೂರು ಜನ ಪೋಪರು ಕಿತ್ತಾಡಿದ್ದು, ಎಲ್ಲ ಹೇಳಿದರು. ಅವರಿಗೆ ಅದು ಪ್ರೀತಿಯ ಮಾತು. ಕೂತಿದ್ದವರಿಗೆ ಮಾತ್ರ, ಈಯಮ್ಮ ನಮ್ಮನ್ನು ಆಡಿಕೊಳ್ಳಲಿಕ್ಕೆ ಬಂದಿದ್ದಾಳೆ ಅನ್ನಿಸಿರಬೇಕು. ಪಾಸ್ಟರ್ ಮುಖ ಚಿಕ್ಕದು ಮಾಡಿಕೊಂಡು ಕೈಮುಗಿದರು.

ಹೊರಗೆ ಬರುವಾಗ ಒಬ್ಬರು ಅಜ್ಜಿ ಮೇಡಂ ಕೈ ಹಿಡಿದುಕೊಂಡರು. "ನೀನು ಹೇಳಿದ್ದು ನಂಗೊಂದೂ ತಿಳೀಲಿಲ್ಲಮ್ಮ. ನಿಂಗೇನು ಕಷ್ಟ ಐತೆ ಹೇಳು, ನಾನು ಪ್ರಾರ್ಥನೆ ಮಾಡ್ತೀನಿ" ಅಂದರು. ಮೇಡಂ ಅಜ್ಜಿಯ ಕೈ ಬಿಡದೆ ನಿಂತಿದ್ದರು. ನಾವೇ ಹಾಸ್ಟೆಲ್ಲಿಗೆ ಹೊತ್ತಾಯಿತು ಅಂತ ಕರೆದೆವು.

ಮೇಡಂ ಭಾನುವಾರ ಚರ್ಚಿನಲ್ಲಿ ನಿಂತು ಭಾಷಣ ಮಾಡಿದರು ಅನ್ನುವ ಸುದ್ದಿ ಅವತ್ತು ಸಾಯಂಕಾಲದೊಳಗೆ ಕೆಂಚಾರ್ಲಹಳ್ಳಿ ತಲುಪಿತು. ಮೊದಲೇ ಬಾಯಿ ತೆಗೆದರೆ ಚರ್ಚು, ಪೋಪು, ಲೂಥರ್ ಅನ್ನುವ ಹೆಂಗಸು. ಮದುವೆ ಬೇರೆ ಆಗಿಲ್ಲ. ಜನ ಲೆಕ್ಕ ಹಾಕಿದರು, ಆಕೆ ಆ ಮತಕ್ಕೆ ಸೇರಿಬಿಟ್ಟಿದ್ದಾಳೆ ಎಂದು ತೀರ್ಮಾನ ಮಾಡಿದರು. ಅವರ ತಮ್ಮ ಆಂಜಿನಪ್ಪ ಜಗಳ ಆಡಲಿಲ್ಲ, ಕೇಳಲೂ ಇಲ್ಲ. ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ.

ಕರೆಯದಿದ್ದರೂ ಒಂದು ಯುಗಾದಿಗೆ ಮೇಡಂ ಹೊರಟರು. ಒಬ್ಬರೇ ಹೋಗುವುದಕ್ಕೆ ಮನಸ್ಸಾಗದೆ ನನ್ನನ್ನೂ ಕರೆದುಕೊಂಡರು. ಬಾಗಿಲಲ್ಲೇ ಆಂಜಿನಪ್ಪನ ಹೆಂಡತಿ ಎದುರಾದರು. "ಹುಳ ಜ್ವರಕ್ಕೆ ಕೂತವೆ ಅಕ್ಕ. ಹೊರಗಿನೋರು ಒಳಗೆ ಬರಂಗಿಲ್ಲ, ನಿಮ್ಗೇ ಗೊತ್ತಲ್ಲ." ಚರ್ಮ ಬಿಡುವ ಮುಂಚೆ ಹುಳ ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳ ಇರುವ ಮನೆಗೆ ಕಂಡವರನ್ನು ಬಿಡುವುದಿಲ್ಲ, ರೋಗ ತಗಲುತ್ತದೆ ಅಂತ. ಅದು ನಿಜವೇ, ಎಲ್ಲರೂ ನಡೆಸುವ ಪದ್ಧತಿಯೇ. ನಮ್ಮಿಬ್ಬರಿಗೂ ಜಗುಲಿಯ ಮೇಲೆ ಎಲೆ ಹಾಕಿ ಒಬ್ಬಟ್ಟು ಬಡಿಸಿದರು. ಮೇಡಂ ಎರಡು ಸಲ ತುಪ್ಪ ಕೇಳಿ ಹಾಕಿಸಿಕೊಂಡರು. ಆಂಜಿನಪ್ಪ ಹೊಲದ ಕಡೆ ಹೋಗಿದ್ದಾರೆ ಅಂದರು. ನಾವು ಹೊರಡುವವರೆಗೂ ಬರಲಿಲ್ಲ.

ಬಸ್ಸಿನಲ್ಲಿ ಬರುವಾಗ ಮೇಡಂ ಕಿಟಕಿ ಕಡೆ ತಿರುಗಿಕೊಂಡೇ ಹೇಳಿದರು. "ಹುಳ ಇಲ್ಲ ಕಣೇ ಮನೇಲಿ. ತೋಟದಲ್ಲಿ ಒಂದು ಕಡ್ಡಿ ಹಿಪ್ಪುನೇರಳೆ ಸೊಪ್ಪು ಕಟಾವಾಗಿಲ್ಲ, ನೋಡ್ಲಿಲ್ವಾ? ಮೇಯ್ತಾ ಇದ್ರೆ ಸದ್ದು ಬರುತ್ತೆ, ಜ್ವರದಲ್ಲಿ ಸದ್ದಿರಲ್ಲ. ಅದಕ್ಕೇ ಜ್ವರ ಅಂದ್ಲು. ಜಾಣೆ ನಮ್ಮ ಆಂಜಿ ಹೆಂಡ್ತಿ."

"ನೀವು ಸೇರಿಲ್ಲ ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಮುಗಿದುಹೋಗುತ್ತೆ" ಅಂದೆ.

"ಯಾಕೆ ಹೇಳಲಿ? ಸೇರಿದ್ರೆ ನಾನು ಅವನ ಅಕ್ಕ ಅಲ್ವಾ? ನೀನು ಯಾವ ಗುಂಪು, ಪ್ರಮಾಣ ಮಾಡು ಅಂತ ಕೇಳೋದು, ಮಾಡದೆ ಇದ್ರೆ ಆಚೆ ನಿಲ್ಸೋದು. ಸಾವಿರ ವರ್ಷ ಆ ಚರ್ಚಿನೋರು ಮಾಡಿದ್ದೆಲ್ಲ ಅದೇ ಕಣೇ. ಅವನು ಬಾಯಿಬಿಟ್ಟು ಕೇಳಲಿ, ಹೇಳ್ತೀನಿ." ಅವರ ಹಟ ನನಗೆ ಆಗ ದೊಡ್ಡತನ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಆಂಜಿನಪ್ಪ ಕೇಳಲಿಲ್ಲ. ಮೇಡಂ ಹೇಳಲಿಲ್ಲ. ನನಗೆ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಬಂದೆ. ಸಿಲಬಸ್ ಬದಲಾಗುತ್ತಾ ಆಗುತ್ತಾ ಅವರ ಸಾವಿರ ವರ್ಷ ಮೊದಲು ಒಂದು ಅಧ್ಯಾಯವಾಯಿತು, ಆಮೇಲೆ ಒಂದು ಪುಟವಾಯಿತು. ಅವರು ರಿಟೈರ್ ಆದರು. ಕ್ಲಾಸು ಇದ್ದಾಗ ಅವರ ಮಾತು ಕೇಳುವುದಕ್ಕೆ ನಮ್ಮಂಥ ನಾಲ್ಕು ಪೆದ್ದುಗಳಾದರೂ ಇದ್ದೆವು. ಆಮೇಲೆ ಚಿಂತಾಮಣಿಯ ಬಾಡಿಗೆ ಮನೆಯಲ್ಲಿ ಕೂತು, ಸೊಪ್ಪು ಮಾರುವವಳಿಗೆ ಲೂಥರ್ ಕಥೆ ಹೇಳುತ್ತಿದ್ದರಂತೆ. ಅವಳು ಒಂದು ಕಟ್ಟು ದಂಟಿನ ಸೊಪ್ಪು ಕೊಡುವಷ್ಟು ಹೊತ್ತು ಕೇಳಿ ಹೋಗುತ್ತಿದ್ದಳು. ಭಾನುವಾರ ನನಗೆ ಫೋನ್ ಬರುತ್ತಿತ್ತು. ಹಲೋ ಇಲ್ಲ, ಹೇಗಿದೀಯ ಇಲ್ಲ. "ಅಲ್ಲ ಕಣೇ, ಆ ಲೂಥರ್ ಚರ್ಚಿನ ಬಾಗಿಲಿಗೆ ತನ್ನ ತಕರಾರು ಬರೆದು ಹಚ್ಚಿದ್ನಲ್ಲ, ಓದಿದ ಮೇಲೆ ಯಾರಾದ್ರೂ ಅವನ್ನ ಊಟಕ್ಕೆ ಕರೆದಿರ್ತಾರಾ?" ಎಂದು ಶುರು. ನನ್ನ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು. ಹೂಂಗುಟ್ಟುತ್ತಾ ಕೇಳುತ್ತಿದ್ದೆ.

ಕೊನೆಯ ಸಲ ನೋಡಿದ್ದು ಹೋದ ವರ್ಷ ಬೇಸಿಗೆ ರಜೆಯಲ್ಲಿ. ಬಹಳ ಇಳಿದುಹೋಗಿದ್ದರು. ಕಾಫಿ ಮಾಡಿಕೊಟ್ಟು, ಹಿಂದೆ ಯುರೋಪಿನಲ್ಲಿ ಚರ್ಚಿನ ಗೋಡೆಗೆ ಅಂಟಿಕೊಂಡಂತೆ ಸಣ್ಣ ಕೋಣೆ ಕಟ್ಟಿಸಿಕೊಂಡು ಜೀವಮಾನವೆಲ್ಲ ಅದರೊಳಗೇ ಇರುತ್ತಿದ್ದ ಹೆಂಗಸರ ವಿಷಯ ತೆಗೆದರು. ಒಳಗೆ ಹೋಗುವ ದಿನವೇ ಸತ್ತವರಿಗೆ ಮಾಡುವ ಪ್ರಾರ್ಥನೆ ಮಾಡಿ ಕಳಿಸುತ್ತಿದ್ದರಂತೆ. ಊಟ ಕೊಡುವುದಕ್ಕೆ ಒಂದು ಕಿಟಕಿ, ಪೂಜೆ ನೋಡುವುದಕ್ಕೆ ಒಂದು, ಊರಿನವರು ಬಂದು ಮಾತಾಡಿಸುವುದಕ್ಕೆ ಇನ್ನೊಂದು. "ಊರೆಲ್ಲ ಬಂದು ಕಷ್ಟ ಸುಖ ಹೇಳ್ಕೊಂಡು ಹೋಗೋದು ಕಣೇ ಅವ್ರ ಹತ್ರ" ಅಂದರು. ಆಮೇಲೆ ಲೋಟ ಕೆಳಗಿಟ್ಟು, ಕ್ಲಾಸಿನಲ್ಲಿ ಎಂದೂ ಆಡದ ಸಣ್ಣ ದನಿಯಲ್ಲಿ, "ನಂಗೆ ಒಬ್ಳೇ ಇರೋಕೆ ಆಗ್ತಿಲ್ಲ ಕಣೇ. ಆಂಜಿ ಒಂದ್ಸಲ ಬಂದಿದ್ರೆ ಚೆನ್ನಾಗಿತ್ತು" ಅಂದರು. ಆಂಜಿನಪ್ಪನಿಗೆ ನಾನೇ ಹೇಳುತ್ತೇನೆ ಅಂದದ್ದಕ್ಕೆ ಬೇಡ ಅಂತ ಆಣೆ ಹಾಕಿಸಿಕೊಂಡರು.

ಮಳೆಗಾಲ ಶುರುವಾಗುವ ಹೊತ್ತಿಗೆ ಹೋಗಿಬಿಟ್ಟರು. ಸೊಪ್ಪಿನವಳು ಬಾಗಿಲು ತಟ್ಟಿ ನೋಡಿ ಅಕ್ಕಪಕ್ಕದವರನ್ನು ಕರೆದಳಂತೆ. ಸುದ್ದಿ ಮುಟ್ಟಿದ ತಕ್ಷಣ ಆಂಜಿನಪ್ಪ ಗಾಡಿ ಮಾಡಿಕೊಂಡು ಬಂದು ಅಕ್ಕನನ್ನು ಕೆಂಚಾರ್ಲಹಳ್ಳಿಗೆ ಕರೆದೊಯ್ದರು. ನಾನು ಗೌರಿಬಿದನೂರಿನಿಂದ ಬಸ್ಸು ಬದಲಾಯಿಸಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ತಡವಾಯಿತು, ಎಲ್ಲ ಮುಗಿದಿರುತ್ತದೆ ಅಂದುಕೊಂಡೇ ಹೋದೆ. ಏನೂ ಮುಗಿದಿರಲಿಲ್ಲ, ಶುರುವೇ ಆಗಿರಲಿಲ್ಲ.

ಮೇಡಂರನ್ನು ನಡುಮನೆಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಇರಲಿಲ್ಲ, ಹಣೆಗೆ ಕುಂಕುಮ ಇರಲಿಲ್ಲ. ಪಕ್ಕದಲ್ಲಿ ಹೊಸ ಮರದ ಪೆಟ್ಟಿಗೆ ಇತ್ತು, ಚಿಂತಾಮಣಿಯಲ್ಲಿ ಸಿದ್ಧವಿದ್ದದ್ದನ್ನೇ ಕೊಂಡು ತಂದದ್ದು, ಇನ್ನೂ ವಾರ್ನಿಷ್ ವಾಸನೆ ಹೋಗಿರಲಿಲ್ಲ. ಬಂದಿದ್ದ ತಮಟೆಯವರನ್ನು ವಾಪಸು ಕಳಿಸಿದ್ದರು. ಊರಿನವರು ಅಂಗಳದಲ್ಲಿ ಕೂತು ಕಾಯುತ್ತಿದ್ದರು. ಯುಗಾದಿಗೆ ಅಕ್ಕನ ಜೊತೆ ಬಂದಿದ್ದವಳು ಎಂದು ಹೆಂಡತಿ ಗುರುತು ಹೇಳಿರಬೇಕು, ನನ್ನನ್ನು ಕಂಡದ್ದೇ ಆಂಜಿನಪ್ಪ ಎದ್ದು ಬಂದರು. ಮುಖ ಅಕ್ಕನದೇ ಅಚ್ಚು.

"ಬಂದ್ರಾಮ್ಮ. ಚರ್ಚಿನೋರು ಎಷ್ಟೊತ್ತಿಗೆ ಬರ್ತಾರೆ? ಬೆಳಗ್ಗೆಯಿಂದ ಕಾಯ್ತಾ ಇದೀವಿ. ನಮ್ಮ ಶಾಸ್ತ್ರ ಏನೂ ಮಾಡಿಲ್ಲ, ಅಕ್ಕನಿಗೆ ಇಷ್ಟ ಆಗುತ್ತೋ ಇಲ್ಲವೋ ಅಂತ. ಅವ್ರ ಪದ್ಧತೀಲೇ ಆಗಲಿ. ಜಾಗ ಮಾತ್ರ ನಮ್ಮ ಹೊಲದಲ್ಲೇ, ಅಪ್ಪನ ಪಕ್ಕ. ಅದಕ್ಕೆ ಅವ್ರು ಬೇಡ ಅನ್ನಲ್ಲ ಅಲ್ವಾ?"

"ಯಾರೂ ಬರಲ್ಲಪ್ಪ. ಮೇಡಂ ಯಾವತ್ತೂ ಸೇರಿರ್ಲಿಲ್ಲ. ಪಾಠ ಹೇಳ್ತಿದ್ರು, ಅಷ್ಟೇ. ಅವ್ರಿಗೆ ಇದ್ದೋರು ನೀವೇ" ಅಂದೆ.

ಆಂಜಿನಪ್ಪ ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಹೆಂಡತಿಯನ್ನು ಕರೆದು ದೀಪ ಹಚ್ಚು ಅಂದರು. ಆಮೇಲೆ ಅಕ್ಕನ ಕಾಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಪಾದದ ಮೇಲೆ ಕೈಯಿಟ್ಟುಕೊಂಡು, "ಇಷ್ಟು ವರ್ಷ ಆಯ್ತಲ್ಲಕ್ಕ, ನಂಗೊಂದು ಮಾತು ಹೇಳ್ಬಾರ್ದಿತ್ತಾ" ಅಂದರು.