ಹನ್ನೆರಡನೇ ಕೊಂಡಿ

ನನ್ನ ಅಜ್ಜಿ ದೆಜ್ಬಾ ತನ್ನ ಮಖಮಲ್ಲಿನ ರವಿಕೆಯ ಕತ್ತಿನ ಬಳಿ ಒಂದು ದೊಡ್ಡ ಬೆಳ್ಳಿ ಡಾಲರ್ ನಾಣ್ಯವನ್ನು ಗುಂಡಿಯಾಗಿ ಹಾಕಿಕೊಳ್ಳುತ್ತಾಳೆ. ಅದು ಅವಳ ತಾಯಿಯದು. ಬೆಳ್ಳಿ ಕೆಲಸ ಮಾಡುತ್ತಿದ್ದ ಅವಳ ತಂದೆ ಅಂಥ ಹನ್ನೆರಡು ನಾಣ್ಯಗಳ ಹಿಂಬದಿಗೆ ತಾಮ್ರದ ಕೊಂಡಿ ಬೆಸೆದು ಹೆಂಡತಿಗೆ ಕೊಟ್ಟಿದ್ದನಂತೆ. ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೋ ಹೆಂಗಸರ ಹಣ ಆಗ ಮೈಮೇಲೆಯೇ ಇರುತ್ತಿತ್ತು. ಹಿಟ್ಟು ಮುಗಿದರೆ ರವಿಕೆಯಿಂದ ಒಂದು ಗುಂಡಿ ಕತ್ತರಿಸಿ ಅಂಗಡಿಯವನ ಮುಂದಿಡುವುದು.

ಅಂಗಡಿಯವನು ಇಕ್ಕಳದಿಂದ ಕೊಂಡಿಯನ್ನು ಮುರಿದು ನೆಲಕ್ಕೆ ಎಸೆಯುತ್ತಿದ್ದ. ಅಜ್ಜಿಯ ತಾಯಿ ಎಲ್ಲರೆದುರು ಬಗ್ಗಿ ಅದನ್ನು ಎತ್ತಿಕೊಳ್ಳುತ್ತಿದ್ದಳು. ಹಿಟ್ಟಿಗೆ, ಕಾಫಿಪುಡಿಗೆ, ಒಮ್ಮೆ ಮಗುವಿನ ಶವಪೆಟ್ಟಿಗೆಯ ಹಲಗೆಗೆ, ಹೀಗೆ ಹನ್ನೊಂದು ಗುಂಡಿಗಳು ಹೋದವು. ಹನ್ನೊಂದು ಕೊಂಡಿಗಳು ಒಂದು ತಂಬಾಕಿನ ಡಬ್ಬಿ ಸೇರಿದವು. ಆ ಡಬ್ಬಿ ಈಗ ಅಜ್ಜಿಯ ಕೈಚೀಲದಲ್ಲಿರುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಪಿಕಪ್ ಗಾಡಿ ಕೆಟ್ಟು ನಿಂತಿತು. ನಮಗೂ ಕುರಿಗಳಿಗೂ ನೀರು ಬರುವುದು ಆ ಗಾಡಿಯ ಮೇಲಿನ ಪೀಪಾಯಿಗಳಲ್ಲೇ. ರಿಪೇರಿಗೆ ಹಣವಿರಲಿಲ್ಲ. ನನ್ನ ತಾಯಿ ಲೊರೇನಾ ಅಜ್ಜಿಯನ್ನು ಒಪ್ಪಿಸಿ, ಗ್ಯಾಲಪ್ ಪಟ್ಟಣದ ಶನಿವಾರದ ಸಂತೆಯಲ್ಲಿ ಹಳೆಯ ನಾಣ್ಯ ಕೊಳ್ಳುವ ಕೆಸ್ಲರ್ ಎಂಬವನ ಬಳಿ ಕರೆದುಕೊಂಡು ಹೋದಳು. ನೆರೆಯವರ ಗಾಡಿಯಲ್ಲಿ ನಾನೂ ಜೊತೆಗೆ ಹೋದೆ. ಬೆಲೆ ಕೇಳುವುದಕ್ಕಷ್ಟೇ ಅಜ್ಜಿ ಒಪ್ಪಿದ್ದಳು.

ಕೆಸ್ಲರ್ ಒಳ್ಳೆಯವನೇ. ಗುಂಡಿಯನ್ನು ತೂಗಿದ, ಅಳೆದ, ಅಂಚಿನ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿದ. ಬೆಳ್ಳಿ ಅಸಲಿ, ಹೆಣ್ಣಿನ ಮುಖದ ಕೆಳಗಿನ ಇಸವಿ 1889 ಎಂದ. ಆ ವರ್ಷ ಬೇರೆ ಟಂಕಸಾಲೆಗಳು ಲೆಕ್ಕವಿಲ್ಲದಷ್ಟು ಹೊಡೆದವು, ಕಾರ್ಸನ್ ಸಿಟಿಯದು ಮಾತ್ರ ಕಡಿಮೆ. ಅಲ್ಲಿಯದಾದರೆ ಹಿಂಬದಿಯ ಎಲೆಮಾಲೆಯ ಕೆಳಗೆ ಎರಡು ಪುಟ್ಟ ‘ಸಿ’ ಅಕ್ಷರಗಳಿರಬೇಕು.

ಅಲ್ಲೇ ತೊಡಕಿತ್ತು. ರವಿಕೆಯ ಮೇಲೆ ಹೆಣ್ಣಿನ ಮುಖ ನೆಟ್ಟಗೆ ನಿಲ್ಲಲೆಂದು ನನ್ನ ಮುತ್ತಜ್ಜ ಕೊಂಡಿಯನ್ನು ಅವಳ ನೆತ್ತಿಯ ಹಿಂದೆ ಬೆಸೆದಿದ್ದ. ಅಮೆರಿಕದ ನಾಣ್ಯದ ಎರಡು ಮುಖಗಳು ಒಂದಕ್ಕೊಂದು ತಲೆಕೆಳಗು. ಮುಂದಿನ ಮೇಲಂಚೇ ಹಿಂದಿನ ಕೆಳಗಂಚು. ಬೆಸುಗೆ ಸರಿಯಾಗಿ ಅಕ್ಷರವಿರಬೇಕಾದ ಜಾಗದಲ್ಲೇ ಕೂತಿತ್ತು.

ಕೊಂಡಿ ತೆಗೆದರೂ ಕಲೆ ಉಳಿಯುತ್ತದೆ, ಆದರೂ ಕಾರ್ಸನ್ನಿನದಾದರೆ ಆರುನೂರು ಡಾಲರ್, ಅಲ್ಲದಿದ್ದರೆ ಬರೀ ಬೆಳ್ಳಿಯ ಬೆಲೆ ಎಂದು ಕೆಸ್ಲರ್ ವಿವರಿಸಿದ. ಹೇಳುತ್ತಲೇ ಇಕ್ಕಳ ತೆಗೆದುಕೊಂಡ.

ಅಜ್ಜಿ ನಾಣ್ಯದ ಮೇಲೆ ಅಂಗೈ ಇಟ್ಟಳು. "ನನಗೂ ಎಂಬತ್ತಾಯ್ತು, ನಾನೂ ಹಳೇ ಮಾಲೇ. ನನ್ನ ಬೆನ್ನೂ ಕೆರೆದು ನೋಡ್ತೀಯೇನಪ್ಪಾ, ಯಾವ ಊರಲ್ಲಿ ಮಾಡಿದ್ದು ಅಂತ?"

ಕೆಸ್ಲರ್ ನಕ್ಕುಬಿಟ್ಟ. ಅಮ್ಮ ನಗಲಿಲ್ಲ. "ಆರುನೂರಮ್ಮಾ. ಗಾಡಿ ಓಡುತ್ತೆ. ಇಲ್ದಿದ್ರೆ ಕುರಿಗಳಿಗೆ ಏನು, ಈ ಗುಂಡಿ ತೊಳೆದು ಕುಡಿಸ್ತೀಯಾ?"

ಅಜ್ಜಿ ಕೈಚೀಲದಿಂದ ಡಬ್ಬಿ ತೆಗೆದು ಗಾಜಿನ ಮೇಜಿನ ಮೇಲೆ ಸುರಿದಳು. ಮುರಿದ ಕೊಂಡಿಗಳು ಉರುಳಿ ಹರಡಿದವು. ಕೆಲವಕ್ಕೆ ಬೆಸುಗೆಯ ಚೂರು ಇನ್ನೂ ಅಂಟಿಕೊಂಡಿತ್ತು.

"ಇವನ್ನೆಲ್ಲ ನಿನ್ನಂಥೋರೇ ತೆಗೆದಿದ್ದು. ನಮ್ಮವ್ವ ಪ್ರತಿ ಸಲ ಬಗ್ಗಿ ಎತ್ಕೊಂಡಿದ್ದಾಳೆ. ನಾನು ಬಗ್ಗಲ್ಲ."

ಅದನ್ನು ಅವಳು ಮೆಲ್ಲಗೇ ಹೇಳಿದಳು. ಕೆಸ್ಲರ್ ಇಕ್ಕಳವನ್ನು ಮೇಜಿನ ಕೆಳಗಿಟ್ಟ. ಅಜ್ಜಿ ಕೊಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಗುಂಡಿಯನ್ನು ಅಲ್ಲೇ ನಿಂತು ರವಿಕೆಗೆ ಹೊಲಿದುಕೊಂಡಳು. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ.

ಅಮ್ಮ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅಜ್ಜಿ ತಾನೇ ಸಾಕಿದ ಟಗರುಗಳಲ್ಲಿ ನಾಲ್ಕನ್ನು ಮಾರಿ ಹಣವನ್ನು ಅಮ್ಮನ ಕೈಗೆ ಕೊಟ್ಟಳು. ಅವುಗಳಲ್ಲಿ ಒಂದು ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅದನ್ನು ಕೊಂಡವನ ಗಾಡಿಗೆ ಹತ್ತಿಸುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು.

ಗಾಡಿ ರಿಪೇರಿಯಾದ ಮೇಲೆ ಮತ್ತೆ ಸಂತೆಗೆ ಹೋದೆವು. ಕುರಿಮಾಂಸದ ಸಾರು ಮಾರುವ ಡೇರೆಯಲ್ಲಿ ಕೂತು ಕರಿದ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದಾಗ ಕೆಸ್ಲರ್ ಬಂದು ಎದುರಿಗೆ ಕೂತ. ಆ ಗುಂಡಿಯ ಯೋಚನೆಯಲ್ಲಿ ಅವನಿಗೆ ನಿದ್ದೆ ಬಂದಿರಲಿಲ್ಲವೇನೋ. ಕೊಂಡಿ ಮುಟ್ಟುವುದಿಲ್ಲ, ಅಡಿಯಲ್ಲಿ ಏನೇ ಇರಲಿ, ಮುನ್ನೂರು ಕೊಡುತ್ತೇನೆ ಎಂದ. ಅಮ್ಮ ತಿನ್ನುವುದನ್ನು ನಿಲ್ಲಿಸಿದಳು.

ಅಜ್ಜಿ ರೊಟ್ಟಿ ಅಗಿದು ಮುಗಿಸಿ, ಡಬ್ಬಿಯನ್ನು ಅವನ ಕಡೆ ತಳ್ಳಿದಳು.

"ಇದರಲ್ಲಿ ಹನ್ನೊಂದು ಕೊಂಡಿ ಇವೆ. ಇವುಗಳ ನಾಣ್ಯ ಹುಡುಕ್ಕೊಂಡು ಬಾ. ಆಮೇಲೆ ಇದರ ಬೆಲೆ ಮಾತಾಡೋಣ."

ಕೆಸ್ಲರ್ ಡಬ್ಬಿಯನ್ನು ಹಿಂದಕ್ಕೆ ಸರಿಸಿ ಎದ್ದು ಹೋದ. ಅಮ್ಮ ಮತ್ತೆ ತಿನ್ನತೊಡಗಿದಳು. ತಲೆ ಎತ್ತದೆಯೇ ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ಅಜ್ಜಿಯ ತಟ್ಟೆಗೆ ಹಾಕಿದಳು.

ಬೆಸುಗೆಯ ಅಡಿ ಯಾವ ಅಕ್ಷರವಿದೆ ಎಂದು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನೀರು ತರಲು ಹೋಗುವಾಗ ಅಜ್ಜಿ ಗಾಡಿಯ ಮುಂದಿನ ಸೀಟಿನಲ್ಲಿ ಕೂರುತ್ತಾಳೆ, ಆ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು.