ಒಂಬತ್ತು ಎಲೆಯ ಲೆಕ್ಕ

ಒಂದು ಹಿಡಿ ಶೇಂಗಾ ಸುಲಿದು ನೋಡಿ ಇಡೀ ಚೀಲದ ಹಣೆಬರಹ ಹೇಳೋದು ನನ್ನ ಕಸುಬು. ಚಳ್ಳಕೆರೆ ಮಾರುಕಟ್ಟೆಯಲ್ಲಿ ಎಣ್ಣೆ ಮಿಲ್ಲಿನವರ ಪರವಾಗಿ ಕಾಯಿ ನೋಡ್ತೀನಿ. ಗಟ್ಟಿ ಎಷ್ಟು, ಜೊಳ್ಳು ಎಷ್ಟು ಅಂತ ನಾನು ಹೇಳಿದ ಮೇಲೆ ತಕರಾರಿಲ್ಲ. ಹೊಸಬರಿಗೆ ನಾನು ಮೊದಲು ಹೇಳೋದು ಒಂದೇ ಮಾತು: ಜೊಳ್ಳಿಗೆ ಹೆದರಬೇಡ್ರಪ್ಪ, ಅದು ತನ್ನ ಪಾಡಿಗೆ ತಾನು ಹಾರಿಹೋಗ್ತೈತೆ. ತುಂಬಿದ ಕಾಯಿ ಒಳಗೆ ಮುಗ್ಗಲಾಗಿದ್ರೆ ಅದಕ್ಕೆ ಹೆದರ್ರಿ, ಅದು ಗಾಣಕ್ಕೆ ಹೋಗಿ ಎಲ್ಲಾ ಎಣ್ಣೆ ಕೆಡಿಸ್ತೈತೆ. ಎಲ್ಲರಿಗೂ ಹೇಳ್ತೀನಿ ಇದನ್ನ. ನನ್ನ ಗೆಳೆಯನಿಗೆ ಮಾತ್ರ ಹೇಳಲಿಲ್ಲ.

ಗೆಳೆಯ ಮೊಳಕಾಲ್ಮೂರಿನ ನೇಕಾರ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಭಾನುವಾರ ಉಂಡು, ತಳಕು ಊರಿನ ಮೇಲೆ ಹೋಗೋ ಬಸ್ಸು ಹತ್ತಿ ಅವನ ಮನೆಗೆ ಹೋಗೋದು ನನ್ನ ರೂಢಿ. ಮೊದಲು ಇಬ್ಬರೂ ಫೋನಿನಲ್ಲಿ ಪೋಕರ್ ಆಡ್ತಿದ್ವಿ. ಅದರಲ್ಲಿ ದುಡ್ಡಿನ ಆಟ ನಿಂತ ಮೇಲೆ ಒಂದು ಕಟ್ಟು ಇಸ್ಪೀಟು ತಂದು ಅವನ ಪಡಸಾಲೆಯಲ್ಲೇ ಕೂತ್ವಿ. ನೂಲಿಗೆ ಬಣ್ಣ ಹಾಕೋ ಪಕ್ಕದ ಬೀದಿಯ ಮುದುಕ ಮೂರನೆಯವನು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ ಗುಟ್ಟಾಗಿರ್ತವೆ. ನಡುವೆ ಎಲ್ಲರಿಗೂ ಕಾಣೋ ಹಂಗೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಬೀಳ್ತೈತೆ. ಒಂದೇ ಗುರುತಿನ ಐದು ಎಲೆ ಕೂಡಿದ್ರೆ ಅದು ಕಲರ್. ಇಬ್ಬರಿಗೂ ಕಲರ್ ಬಂದ್ರೆ, ಕೈಯಲ್ಲಿ ದೊಡ್ಡ ಎಲೆ ಇದ್ದೋನು ಗೆದ್ದ; ಎಕ್ಕ ಎಲ್ಲಕ್ಕಿಂತ ದೊಡ್ಡದು. ಪ್ರತಿ ಸಲ ಎಲೆ ಬಿದ್ದಾಗಲೂ ಒಬ್ಬ ಏರಿಸಿದಷ್ಟು ಉಳಿದವರೂ ದುಡ್ಡಿನ ಗುಡ್ಡೆಗೆ ಹಾಕಬೇಕು, ಇಲ್ಲ ಹಾಕಿದ್ದನ್ನ ಬಿಟ್ಟು ಎಲೆ ಮಡಚಿ ಎದ್ದೇಳಬೇಕು.

ಅವನು ಸೋಲ್ತಾನೇ ಇದ್ದ. ಒಂದು ದಿನ ಕೇಳಿದ, "ಲೇ, ಯಾವಾಗ ಹಿಡೀಬೇಕು ಯಾವಾಗ ಬಿಡಬೇಕು ಅಂತ ನಿನಗೆ ಹೆಂಗೆ ಗೊತ್ತಾಗ್ತೈತೆ? ನನಗೂ ಹೇಳ್ಕೊಡು."

ಜೇಬಿನಲ್ಲಿದ್ದ ಶೇಂಗಾ ನೆಲದ ಮೇಲೆ ಸುರುವಿ ಹೇಳ್ಕೊಟ್ಟೆ. ಒಂದು ಗುರುತಿನವು ಹದಿಮೂರು. ನಿನ್ನ ಕೈಯಲ್ಲಿ ಎರಡು, ನಡುವೆ ಎರಡು ಕಂಡ್ರೆ ಉಳಿದವು ಒಂಬತ್ತು. ಇನ್ನೂ ಎರಡು ಎಲೆ ಬೀಳೋದಿದ್ರೆ ಒಂಬತ್ತನ್ನ ನಾಲ್ಕರಿಂದ ಗುಣಿಸು, ಒಂದೇ ಬೀಳೋದಿದ್ರೆ ಎರಡರಿಂದ. ನೂರರಲ್ಲಿ ಹೆಚ್ಚುಕಮ್ಮಿ ಅಷ್ಟು ಸಲ ಬರ್ತೈತೆ. ಗುಡ್ಡೆ ಅದಕ್ಕೆ ತಕ್ಕಷ್ಟಿದ್ರೆ ಹಾಕು, ಇಲ್ಲದಿದ್ರೆ ಮಡಚು. ಅವನು ತುಟಿ ಅಲ್ಲಾಡಿಸ್ತಾ ಬಾಯಿಪಾಠ ಮಾಡ್ಕಂಡ.

ಅದು ಅರ್ಧ ಪಾಠ. ಇನ್ನರ್ಧ ಏನಂದ್ರೆ, ನೀನು ಕಾಯೋ ಎಲೆಯನ್ನೇ ಎದುರಿನವನೂ ಕಾಯ್ತಿರಬಹುದು. ಆ ಎಲೆ ಬಂದು ನಿನಗೆ ಸಣ್ಣ ಕಲರ್ ಆದ್ರೆ ಅವನಿಗೆ ದೊಡ್ಡದಾಗ್ತೈತೆ. ಬರದಿದ್ರೆ ಸ್ವಲ್ಪ ಕಳಕಂಡು ಎದ್ದು ಹೋಗ್ತೀಯ. ಬಂತು ಅಂದ್ರೆ ಬಿಡೋಕೆ ಮನಸ್ಸಾಗಲ್ಲ, ಇದ್ದಬದ್ದದ್ದೆಲ್ಲ ಹಾಕ್ತೀಯ. ತುಂಬಿದ ಕಾಯಿಯ ಮುಗ್ಗಲು ಅಂದ್ರೆ ಇದೇ. ಹೇಳೋದು ಮರೆತೆ ಅಂತ ಎಷ್ಟೋ ದಿನ ನನಗೆ ನಾನೇ ಹೇಳ್ಕಂಡೆ. ಸುಳ್ಳು. ಬಾಯಿತನಕ ಬಂದಿತ್ತು, ನುಂಗಿದೆ. ಅಷ್ಟೂ ಹೇಳ್ಕೊಟ್ರೆ ನನಗೇನು ಉಳೀತು ಅನ್ನಿಸ್ತು.

ಆ ಪಡಸಾಲೆಯ ಗೂಡಿನಲ್ಲಿ ಒಂದು ಸೀರೆ ಇತ್ತು, ಹಳೇ ಪಂಚೆಯಲ್ಲಿ ಸುತ್ತಿದ್ದು. ಗೆಳೆಯನ ಹೆಂಡತಿ ತನಗೇ ಅಂತ ನೇಯ್ದದ್ದು. ಮೂವತ್ತು ವರ್ಷ ಊರಿನವರಿಗೆಲ್ಲ ರೇಷ್ಮೆ ನೇಯ್ದ ಆಕೆಗೆ ಒಂದೂ ರೇಷ್ಮೆ ಸೀರೆ ಇರಲಿಲ್ಲ. ಮಗ್ಗದ ಒಂದೊಂದು ಹಾಸು ಮುಗಿದಾಗಲೂ ಉಳಿದ ನೂಲು ಎತ್ತಿಟ್ಟು, ವರ್ಷಗಟ್ಟಲೆ ಕೂಡಿಸಿ ನೇಯ್ದಿದ್ದಳು. ಒಂದ್ಸಲ ಬಿಚ್ಚಿ ತೋರಿಸಿದ್ದಳು. ಅಂಚಿನ ಕೆಂಪು ಒಂದು ಕಡೆ ತುಸು ತಿಳಿಯಾಗಿತ್ತು, ಅಲ್ಲಿ ನೂಲು ಸಾಲದೆ ಬೇರೆ ಉಳಿಕೆ ಸೇರಿಸಿದ್ದಳಂತೆ. "ಮಗಳನ್ನ ಧಾರೆ ಎರೆಯೋ ದಿನ ಉಡ್ತೀನಿ ಅಣ್ಣ, ಅಲ್ಲಿತನಕ ಮೈಗೆ ತಾಗಿಸಲ್ಲ" ಅಂದಿದ್ದಳು.

ಒಂದು ಭಾನುವಾರ ಆಕೆ ರಾಯದುರ್ಗದ ಕಡೆ ತವರಿಗೆ ಹೋಗಿದ್ದಳು. ನನ್ನ ಕೈಯಲ್ಲಿ ಆಟೀನ್ ಗುರುತಿನ ಎಕ್ಕ, ಅದೇ ಗುರುತಿನ ಗುಲಾಮ. ನಡುವೆ ಬಿದ್ದ ಮೂರರಲ್ಲಿ ಎರಡು ಆಟೀನು. ತಲೆ ಎತ್ತಿದ್ರೆ ಗೆಳೆಯನ ತುಟಿ ಅಲ್ಲಾಡ್ತಿತ್ತು. ಒಂಬತ್ತು, ನಾಲ್ಕರಿಂದ ಗುಣಿಸು. ಅವನೂ ಆಟೀನೇ ಕಾಯ್ತಿದಾನೆ ಅಂತ ನನಗೆ ಗೊತ್ತಾಗಿಹೋಯ್ತು, ಕಲಿಸಿದೋನೇ ನಾನಲ್ವಾ. ಅವನು ಎಣಿಸಿದ ಒಂಬತ್ತರಲ್ಲಿ ಎರಡು ನನ್ನ ಕೈಯಲ್ಲೇ ಇದ್ವು. ಉಳಿದ ಏಳರಲ್ಲಿ ಯಾವುದು ಬಿದ್ರೂ ಅವನಿಗೆ ಸಣ್ಣದು, ನನಗೆ ದೊಡ್ಡದು.

ನಾಲ್ಕನೇ ಎಲೆ ಖಾಲಿ ಹೋಯ್ತು. ಕೊನೇದು ಆಟೀನ್ ಎರಡು. ಗೆಳೆಯನ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತೆ. ನಾನು ಹೇಳ್ಕೊಟ್ಟ ಲೆಕ್ಕ ಫಲಿಸಿತು ಅಂತ ನನ್ನ ಕಡೆಗೇ ನೋಡಿ ನಕ್ಕ, ಮಾರ್ಕ್ಸು ತೋರಿಸೋ ಹುಡುಗನ ಹಂಗೆ.

ನಾನು ಏರಿಸಿದೆ. ಅವನು ಇದ್ದದ್ದೆಲ್ಲ ಹಾಕಿದ. ನಾನು ಮತ್ತೆ ಏರಿಸಿದೆ. ಅವನ ಜೇಬು ಖಾಲಿ. ಎಲೆ ಮಡಚಿದ್ದ ಮುದುಕ ತನ್ನ ತೆಲುಗು ಬೆರೆಸಿ "ವದಿಲೇಯ್ ನಾಯನಾ, ಬಿಟ್ಟುಬಿಡು" ಅಂದ. ಗೆಳೆಯ ನನ್ನ ಮುಖ ನೋಡಿದ. ಸಾಕು ಬಿಡು, ಇಷ್ಟಕ್ಕೇ ತೋರಿಸೋಣ ಅಂತ ನಾನು ಅನ್ನಬಹುದಿತ್ತು, ಗೆಳೆಯರ ಆಟದಲ್ಲಿ ಹಂಗೇ ಅನ್ನೋದು. ನಾನು ಗೂಡಿನ ಕಡೆ ಗದ್ದ ಎತ್ತಿ ತೋರಿಸಿ, "ಅದೈತಲ್ಲ" ಅಂದೆ.

ಅವನು ಕೈಯಲ್ಲಿದ್ದ ಎರಡೂ ಎಲೆ ಇನ್ನೊಂದ್ಸಲ ನೋಡ್ಕಂಡ. ಆಮೇಲೆ ಎದ್ದು ಸೀರೆ ತಂದು ಗುಡ್ಡೆಯ ಪಕ್ಕ ಇಟ್ಟ.

ನನ್ನ ಎಕ್ಕ ನೋಡಿದ ಮೇಲೂ ಅವನು ಬೈಯಲಿಲ್ಲ. ಬೈದಿದ್ರೆ ಸೀರೆ ಅಲ್ಲೇ ಬಿಸಾಕಿ ಬರ್ತಿದ್ದೆನೋ ಏನೋ. "ನಿನ್ನ ಲೆಕ್ಕ ಸರಿ ಇತ್ತು ಕಣಲೇ, ಎಲೆ ಬಂತಲ್ಲ. ನನ್ನ ಹಣೆಬರಹ ಅಷ್ಟೇ" ಅಂದ. ನಾನು ಕಲಿಸಿದ್ರಲ್ಲಿ ಮೋಸ ಐತೆ ಅಂತ ಅವನಿಗೆ ಹೊಳೀಲೇ ಇಲ್ಲ. ಆಡಿದ ಮಾತು ಆಡಿದ್ದೇ ಅಂತ ತಾನೇ ಸೀರೆಯನ್ನ ಚೀಲಕ್ಕೆ ತುರುಕಿ ಬಸ್ಟ್ಯಾಂಡಿನ ತನಕ ಬಂದ. ನಾಳೆ ವಾಪಸ್ ಕೊಟ್ರಾಯ್ತು ಅಂದ್ಕಂಡೆ. ಮನೆಯಲ್ಲಿ ನನ್ನ ಹೆಂಡತಿ ಚೀಲ ಬಿಚ್ಚಿ, "ನನಗಾ?" ಅಂದಳು. ಹೂಂ ಅಂದೆ. ಥೂ, ಎಂಥ ಬಾಳು.

ಮುಂದಿನ ಭಾನುವಾರದಿಂದ ಆಟ ನಿಂತಿತು, ನಾನೇ ಹೋಗಲಿಲ್ಲ. ಮಗಳ ಮದುವೆಗೆ ಮಾತ್ರ ಗೆಳೆಯ ಮನೆತನಕ ಬಂದು ಕರೆದ. ಆ ದಿನ ಬೆಳಗ್ಗೆ ಹೆಂಡತಿ ಅದೇ ಸೀರೆ ಉಟ್ಕಂಡು ನಿಂತಳು. "ಬೇರೆ ಉಡೇ" ಅಂದೆ. "ಯಾಕೆ? ನೇಕಾರರ ಮನೆ ಮದುವೆ, ಅವರ ಊರಿನ ಸೀರೆ ಉಟ್ರೆ ಖುಷಿಪಡ್ತಾರೆ" ಅಂದಳು. ಒಂದು ಮಾತು ನಿಜ ಹೇಳಿದ್ರೆ ಮುಗೀತಿತ್ತು. ಚಪ್ಪಲಿ ಹಾಕ್ಕಂಡೆ.

ಮದುವೆ ಮನೆ ಬಾಗಿಲಲ್ಲಿ ಗೆಳೆಯನ ಹೆಂಡತಿ ಎಲ್ಲರಿಗೂ ಕುಂಕುಮ ಕೊಡ್ತಿದ್ದಳು, ಹೂವಿನ ವಾಯಿಲ್ ಸೀರೆಯಲ್ಲಿ. ನನ್ನ ಹೆಂಡತಿಯನ್ನ ನೋಡಿದಳು. ಕಣ್ಣು ಸೀರೆಯ ಅಂಚಿಗೆ ಇಳೀತು. ಪಕ್ಕದಲ್ಲಿದ್ದ ಗೆಳೆಯ ನೆಲ ನೋಡ್ತಾ ಒಳಗೆ ಹೋಗಿಬಿಟ್ಟ. ಆಕೆ ಕುಂಕುಮ ಇಟ್ಟು, ಬಗ್ಗಿ, ಅಂಚು ತಿಳಿಯಾಗಿದ್ದ ಕಡೆ ನೆರಿಗೆ ಹಿಡಿದು ಒಳಮಡಿಕೆ ಮಾಡಿದಳು. "ಇದನ್ನ ಹಿಂಗೆ ಒಳಗೆ ಹಾಕ್ಕಳ್ರಿ ಅಕ್ಕ, ಆಗ ಕಾಣಲ್ಲ. ನಿಮಗೆ ಒಪ್ತೈತೆ" ಅಂದಳು. ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು.

ಊಟಕ್ಕೆ ಕೂತಾಗ ಹೋಳಿಗೆ ಬಡಿಸೋಕೆ ಆಕೆಯೇ ಬಂದಳು. ಮೆಲ್ಲಗೆ ಅಂದಳು, "ಅಣ್ಣ, ಮದುವೆ ಖರ್ಚಿಗೆ ಮಾರಿಬಿಟ್ಟೆ ಅಂದಿದ್ರು ಇವರು. ಯಾವ ಅಂಗಡಿ ಸೇರ್ತೋ ಅಂತ ಸಂಕಟ ಆಗಿತ್ತು. ನಿಮ್ಮ ಮನೆಗೇ ಬಂದೈತೆ, ಸಮಾಧಾನ ಆಯ್ತು. ಎಷ್ಟಕ್ಕೆ ತಗಂಡ್ರಿ?"

ನಾನು ಲೆಕ್ಕ ಹಾಕಿದೆ, ದೇವರಾಣೆ, ಎಲೆ ಮುಂದೆ ಕೂತು ಅಲ್ಲೂ ಲೆಕ್ಕ ಹಾಕಿದೆ. ಹೆಚ್ಚು ಹೇಳಿದ್ರೆ ಉಳಿದ ದುಡ್ಡೆಲ್ಲಿ ಅಂತ ಗಂಡನನ್ನ ಕೇಳ್ತಾಳೆ. ಕಮ್ಮಿ ಹೇಳಿದ್ರೆ ಆಕೆಯ ಅಷ್ಟು ವರ್ಷಕ್ಕೆ ಅವಮಾನ. ನಿಜ ಹೇಳೋದು ಒಂದೇ ಉಳಿದಿತ್ತು.

"ಅವನು ಕೇಳಿದಷ್ಟು ಕೊಟ್ಟೆನಮ್ಮ" ಅಂದೆ.

"ನನಗೆ ಗೊತ್ತಿತ್ತು, ನೀವು ಚೌಕಾಸಿ ಮಾಡೋರಲ್ಲ" ಅಂತ ಆಕೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ಆಕೆ ನೋಡ್ತಾ ನಿಂತಿದ್ದಳು, ಅಷ್ಟೂ ತಿಂದೆ.