ಮಧ್ಯದ ಕುರ್ಚಿ ಖಾಲಿಯಿದ್ದ ಗ್ರೂಪ್ ಫೋಟೋ

"ನಾನು ಮಹಾದೇವಿ ಶರಣಪ್ಪ ಬಿರಾದಾರ. ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ನಿವೃತ್ತಳಾದ ಶಿಕ್ಷಕಿ."

ಹೀಗೆ ಆರಂಭವಾಗುವ ಒಂದು ಪತ್ರವನ್ನು ಕಳೆದ ವಾರ ಬರೆದೆ. ಆದರೆ ಮೊದಲು ಬರೆಯುವುದಿಲ್ಲವೆಂದು ಹೇಳಿಬಿಟ್ಟಿದ್ದೆ... ಅದನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಸಮೀನಾ ಮಣ್ಣೂರಿನ ಹುಡುಗಿ. ಅಲ್ಲಿ ಐದನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತವಳು. ಡಿಗ್ರಿ ಮುಗಿಸಿ, ಜೇವರ್ಗಿಯಲ್ಲಿ ಸ್ಟುಡಿಯೋ ಇಟ್ಟಿರುವ ಹಿರಿಯರಾದ ಚಾಂದಸಾಬರ ಹತ್ತಿರ ಎರಡು ವರ್ಷದಿಂದ ಫೋಟೋಗ್ರಫಿ ಕಲಿಯುತ್ತಿದ್ದಾಳೆ.

ಈಗ ಫೋಟೋಗ್ರಫಿ ಡಿಪ್ಲೊಮಾಕ್ಕೆ ಅರ್ಜಿ ಹಾಕಬೇಕಿತ್ತು. ಅದಕ್ಕೆ ಹತ್ತು ಫೋಟೋ ಮತ್ತು ಶಾಲೆಯಲ್ಲಿ ಪಾಠ ಹೇಳಿದ ಒಬ್ಬ ಶಿಕ್ಷಕರ ಪತ್ರ ಬೇಕು. ಶನಿವಾರ ಕೊನೆಯ ದಿನ. ಗುರುವಾರ ಮಧ್ಯಾಹ್ನ ಆಳಂದದ ನಮ್ಮ ಮನೆಗೆ ಆಲ್ಬಮ್ ಹಿಡಿದು ಬಂದಳು.

ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದೆ. ಮೊದಲಿಗೆ ಒಂದು ಹಿತ್ತಾಳೆಯ ಚರಿಗೆ. ಅದೇ ಚರಿಗೆ, ಅದೇ ಹೊಸ್ತಿಲು. ಒಂದು ಫೋಟೋದಲ್ಲಿ ಮೂಲೆಗೆ, ಇನ್ನೊಂದರಲ್ಲಿ ನಡುವೆ, ಮತ್ತೊಂದರಲ್ಲಿ ಅರ್ಧ ಮಾತ್ರ ಕಾಣುವಂತೆ. ಇದು ಚೌಕಟ್ಟಿನೊಳಗೆ ವಸ್ತುವನ್ನು ಎಲ್ಲಿಡಬೇಕೆಂಬ ಅಭ್ಯಾಸವಂತೆ.

ಆಮೇಲೆ ಭೀಮಾ ನದಿಯ ಒಂದು ಫೋಟೋ. ನೀರಿನ ಗೆರೆ ವಾರೆಯಾಗಿದೆ ಎಂದೆ. ಅದಕ್ಕೇ ಅದನ್ನು ಅರ್ಜಿಗೆ ಇಟ್ಟಿಲ್ಲ, ನೀವು ಹಿಡಿಯುತ್ತೀರೋ ಇಲ್ಲವೋ ನೋಡೋಣ ಎಂದು ಆಲ್ಬಮ್‌ನಲ್ಲಿ ಬಿಟ್ಟೆ ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ಮುಂದಿನ ಪುಟ ತಿರುಗಿಸಿದ್ದೆ.

ಅಲ್ಲಿಂದ ಮುಂದೆ ಎಲ್ಲವೂ ಗ್ರೂಪ್ ಫೋಟೋಗಳು. ನಾಲ್ಕು ಮಂದಿಯ ಮನೆಯಾಗಲಿ, ಹತ್ತು ಮಂದಿಯ ಅಂಗಡಿಯಾಗಲಿ, ಎಲ್ಲರೂ ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕುಳಿತಿದ್ದಾರೆ. ತಲೆಯ ಮೇಲೆ ಬಿಟ್ಟ ಜಾಗ ಅಳೆದಂತೆ ಸಮ. ಯಾರ ಮುಖದಲ್ಲೂ ನಗುವಿಲ್ಲ.

ಈ ಕೈಚಳಕ ಯಾರದೆಂದು ನನಗೆ ಚೆನ್ನಾಗಿ ಗೊತ್ತು. ವರ್ಷ ವರ್ಷವೂ ನಮ್ಮ ಶಾಲೆಗಳಿಗೆ ಬಂದು ಗ್ರೂಪ್ ಫೋಟೋ ತೆಗೆಯುತ್ತಿದ್ದವರು ಇದೇ ಚಾಂದಸಾಬರು.

ಇದು ಅವರ ನಕಲು ಎಂದೆ. ಮೂವತ್ತನಾಲ್ಕು ವರ್ಷ ನಕಲು ಹಿಡಿದ ಕೈಯಿಂದ ನಕಲಿಗೆ ಸಹಿ ಮಾಡಲಾರೆ ಎಂದು ಆಲ್ಬಮ್ ಮುಚ್ಚಿದೆ.

ಅವಳು ಅಳಲಿಲ್ಲ, ವಾದಕ್ಕೂ ಇಳಿಯಲಿಲ್ಲ.

"ನಕಲೇ ಹೌದ್ರಿ ಟೀಚರ್. ಬೇಕಂತಲೇ ಮಾಡೀನ್ರಿ. ನೀವು ಕಾಪಿ ಹ್ಯಾಂಗ ಬರಸ್ತಿದ್ರಿ, ನೆನಪದ ಏನ್ರಿ?"

ನೆನಪಿಲ್ಲದೆ ಏನು! ಕಾಪಿ ಪುಸ್ತಕದ ಮೊದಲ ಸಾಲು ನಾನು ಬರೆದುಕೊಡುತ್ತಿದ್ದೆ. ಮಕ್ಕಳು ಎರಡನೆಯ ಸಾಲನ್ನು ನನ್ನದು ನೋಡಿ ಬರೆಯುತ್ತಾರೆ, ಮೂರನೆಯದನ್ನು ತಮ್ಮದೇ ಎರಡನೆಯದು ನೋಡಿ. ಪುಟದ ಕೊನೆಗೆ ಬರುವಷ್ಟರಲ್ಲಿ ಅಕ್ಷರಕ್ಕೆ ಮೂಗು ಬಾಯಿ ಉಳಿಯುವುದಿಲ್ಲ.

ಅದಕ್ಕೇ ನಾನು ಪುಟದ ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆಸುತ್ತಿದ್ದೆ. ಆಗ ತಮ್ಮ ತಪ್ಪು ಕೈಯಡಿ ಮುಚ್ಚಿಹೋಗುತ್ತದೆ, ಕಣ್ಣಿಗೆ ಕಾಣುವುದು ಮೊದಲ ಸಾಲು ಮಾತ್ರ.

ಚಾಂದಸಾಬರು ಒಂದು ಹಳೆಯ ಗ್ರೂಪ್ ಫೋಟೋ ಕೊಟ್ಟು, ಇದರಂತೆಯೇ ತೆಗೆ ಎಂದು ತಿಂಗಳುಗಟ್ಟಲೆ ಕೂರಿಸಿದರಂತೆ. ಹತ್ತನೆಯ ಸಲಕ್ಕೆ ಅವಳ ಫೋಟೋ ಮೊದಲಿಗಿಂತ ಕೆಟ್ಟಿತು. ತನ್ನ ಒಂಬತ್ತನೆಯದನ್ನೇ ನೋಡಿ ತೆಗೆಯುತ್ತಿದ್ದೇನೆಂದು ಆಗ ಹೊಳೆಯಿತಂತೆ.

ಅಂದಿನಿಂದ ತೆಗೆದದ್ದನ್ನೆಲ್ಲ ಎತ್ತಿಟ್ಟು, ಪ್ರತಿ ಸಲ ಮೂಲವನ್ನಷ್ಟೇ ಎದುರಿಗಿಟ್ಟುಕೊಂಡಳು. ಅದು ಕೈಗೆ ಬಂದ ಮೇಲೆ ಗುರುಗಳು ಎರಡನೆಯ ಪಾಠ ಹೇಳಿದರು. ಈಗ ಒಂದೇ ಒಂದನ್ನು ಬದಲಿಸು, ಏಕೆ ಬದಲಿಸಿದೆ ಎಂದು ನನಗೆ ಹೇಳು.

"ಕಡೀ ಫೋಟೋ ನೋಡಿಲ್ರಿ ನೀವು," ಎಂದಳು.

ಆಲ್ಬಮ್ ಮತ್ತೆ ತೆರೆದೆ.

ಭೂಸನೂರಿನ ಹತ್ತಿರ ಕಬ್ಬು ಕಡಿಯುವ ಹೆಣ್ಣುಮಕ್ಕಳು. ಮೂರು ಸಾಲು. ಮುಂದಿನವರು ನೆಲದ ಮೇಲೆ, ನಡುವಿನವರು ಕಬ್ಬಿನ ಹೊರೆಗಳ ಮೇಲೆ, ಎತ್ತರದವರು ಹಿಂದೆ ನಿಂತು. ಮೊಣಕಾಲ ಮೇಲೆ ಕೈ, ಕೈಯಲ್ಲಿ ಕುಡಗೋಲು. ನಮ್ಮ ಶಾಲೆಯ ಗ್ರೂಪ್ ಫೋಟೋವೇ.

ನಡುವಿನ ಸಾಲಿನ ಮಧ್ಯದಲ್ಲಿ ಮಾತ್ರ ಒಂದು ಮರದ ಕುರ್ಚಿ. ಖಾಲಿ.

ಆ ಕುರ್ಚಿಯನ್ನು ಸಮೀನಾಳೇ ತರಿಸಿದ್ದಳು, ಗುಂಪಿನ ಹಿರಿಯಳನ್ನು ಕೂರಿಸಲು. ಆ ಹಿರಿಯಳು ಒಪ್ಪಲಿಲ್ಲ, ಬೇರೆ ಯಾರೂ ಒಪ್ಪಲಿಲ್ಲ. ಅವರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಶಾಲೆಯ ಫೋಟೋದಲ್ಲಿ ಆ ಜಾಗ ಯಾರದೆಂದು ಅವರಿಗೆ ಗೊತ್ತಿತ್ತು. ಅದು ಟೀಚರ್ ಕುರ್ಚಿ, ನಾವು ಹ್ಯಾಂಗ ಕೂಡೂಣು ಎಂದರಂತೆ.

ಹಾಗಾದರೆ ಕುರ್ಚಿ ತೆಗೆದುಬಿಡಬಹುದಿತ್ತಲ್ಲ ಎಂದು ಕೇಳಿದೆ. ಪರೀಕ್ಷೆ ಮಾಡುವ ಚಟ ನನಗೆ ಇನ್ನೂ ಹೋಗಿಲ್ಲ.

"ತೆಗದಿದ್ರ ಬರೇ ಫೋಟೋ ಆಗ್ತಿತ್ರಿ ಟೀಚರ್. ಈಗ ಅವರು ಯಾರ್ನೋ ಕಾಯಾಕತ್ತಾರ."

ಮೂವತ್ತನಾಲ್ಕು ವರ್ಷ ನಾನು ಕೂತದ್ದು ಅದೇ ಕುರ್ಚಿಯಲ್ಲಿ.

ಆಮೇಲೆ ಕೇಳಿದೆ. ಗುರುಗಳು ಕೊಟ್ಟ ಆ ಹಳೆಯ ಫೋಟೋ ಯಾವುದು? ಅವಳು ನಮ್ಮ ಗೋಡೆಯ ಮೇಲಿದ್ದ ಫೋಟೋದ ಕಡೆ ಕೈ ತೋರಿಸಿದಳು.

ಅಂದೇ ಸಂಜೆ ಪತ್ರ ಬರೆದೆ. 'ಅರ್ಜಿದಾರಳು ನಕಲು ಮಾಡಿ ಕಲಿತಿದ್ದಾಳೆ, ಮತ್ತು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿತಿದ್ದಾಳೆ' ಎಂಬ ವಾಕ್ಯವನ್ನು ಮೂರು ಸಲ ತಿದ್ದಿದೆ. ಶನಿವಾರ ನಾನೇ ಅವಳ ಜೊತೆ ಹೋಗಿ ಅರ್ಜಿ, ಪತ್ರ ಎರಡನ್ನೂ ಕೊಟ್ಟು ಬಂದೆ.

ಪತ್ರದ ಕೊನೆಯ ಭಾಗವನ್ನು ಇದ್ದ ಹಾಗೆಯೇ ಇಲ್ಲಿ ಹಾಕುತ್ತಿದ್ದೇನೆ.

ಅಡಕಗಳು:
೧. ಅರ್ಜಿ, ಅರ್ಜಿದಾರಳ ಸ್ವಹಸ್ತಾಕ್ಷರದಲ್ಲಿ.
೨. ಅಂಕಪಟ್ಟಿಗಳ ನಕಲು ಪ್ರತಿಗಳು.
೩. ಹತ್ತು ಛಾಯಾಚಿತ್ರಗಳು. ಹತ್ತನೆಯದನ್ನು ಕೊನೆಯಲ್ಲಿಯೇ ನೋಡಬೇಕಾಗಿ ವಿನಂತಿ.
೪. ಮಣ್ಣೂರು ಶಾಲೆ, ಐದನೆಯ ತರಗತಿಯ ಗ್ರೂಪ್ ಫೋಟೋ, ನನ್ನ ಮನೆಯ ಗೋಡೆಯಿಂದ ತೆಗೆದದ್ದು. ಮುಂದಿನ ಸಾಲಿನಲ್ಲಿ ಎಡದಿಂದ ಎರಡನೆಯವಳು ಅರ್ಜಿದಾರಳು. ಮಧ್ಯದ ಕುರ್ಚಿಯಲ್ಲಿ ಇರುವವಳು ನಾನು. ಇದು ಮೂಲ ಪ್ರತಿ. ನೋಡಿದ ಮೇಲೆ ದಯವಿಟ್ಟು ಹಿಂದಿರುಗಿಸಬೇಕು.